ಕ್ಯಾಟ್‌ಕಾನ್ ಹೋಗಿದೆ ಅಂದರು, ಯಾಕೆ ಹೋಯಿತು ಅಂತ ಕೇಳಿದಿರಾ?

(ಮೈಸೂರಿನಲ್ಲಿ ಕಾರು ಮಾಲೀಕರು ಮತ್ತು ಗ್ಯಾರೇಜ್ ಹುಡುಗರ ಮುಂದೆ ಮಾತಾಡಿದ್ದರ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿರುವವರಲ್ಲಿ ಯಾರ ಕಾರಿನಲ್ಲಿ ಹಳದಿ ಎಂಜಿನ್ ಲೈಟ್ ಉರಿಯುತ್ತಿದೆ? ಕೈ ಎತ್ತಿ. ಪರವಾಗಿಲ್ಲ, ಸಾಕಷ್ಟು ಜನ ಇದ್ದೀರಿ. ಕೈ ಎತ್ತದೆ ಕೂತವರಲ್ಲಿ ಒಬ್ಬಿಬ್ಬರು ಆ ಲೈಟ್ ಮೇಲೆ ಸ್ಟಿಕ್ಕರ್ ಅಂಟಿಸಿಕೊಂಡಿರುತ್ತೀರಿ, ಅದೂ ಗೊತ್ತು.

ಆ ಲೈಟ್ ಹತ್ತಿದಾಗ ಸ್ಕ್ಯಾನರ್ ಹಾಕಿದರೆ ಬರುವ ಕೋಡ್‌ಗಳಲ್ಲಿ ಜೇಬಿಗೆ ದೊಡ್ಡ ಏಟು ಕೊಡುವುದು ಪಿ0420, ಅಂದರೆ 'ಹೊಗೆ ಸಾಕಷ್ಟು ಶುದ್ಧವಾಗುತ್ತಿಲ್ಲ' ಅನ್ನುವ ದೂರು. ವಿ6 ಎಂಜಿನ್ ಆದರೆ ಇನ್ನೊಂದು ಬದಿಗೆ ಪಿ0430. ಕೋಡ್ ನೋಡಿದ ತಕ್ಷಣ ಕೌಂಟರ್‌ನಲ್ಲಿ ಕೂತವರು ಹೇಳುವುದು ಒಂದೇ ಮಾತು: 'ಸರ್, ಕ್ಯಾಟ್‌ಕಾನ್ ಹೋಗಿದೆ.' ಜೊತೆಗೆ ಹತ್ತಾರು ಸಾವಿರದ ಎಸ್ಟಿಮೇಟ್. ಕ್ಯಾಟ್‌ಕಾನ್ ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್, ಸೈಲೆನ್ಸರ್ ಪೈಪಿನ ದಾರಿಯಲ್ಲಿ ಕೂತು ಎಂಜಿನ್ ಹೊಗೆಯ ವಿಷ ಕಡಿಮೆ ಮಾಡುವ ಡಬ್ಬ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ. ಅದಕ್ಕಿಂತ ಮುಂದೆ, ಎಂಜಿನ್ ಕಡೆ ಇರುವ ಯಾವುದೋ ಒಂದು ಅದನ್ನು ಕೊಂದಿರುತ್ತದೆ, ಅಥವಾ ಅದು ಸತ್ತೇ ಇರುವುದಿಲ್ಲ. ಇದನ್ನು ತಿಳಿಯದೆ ಹೊಸದು ಹಾಕಿಸುವುದು ಅಂದರೆ ಮಾಳಿಗೆ ಸೋರುವಾಗ ಚಾಪೆ ಬದಲಿಸಿದ ಹಾಗೆ.

ಮೊದಲು ಅದರ ಒಳಗೆ ಏನಿದೆ ನೋಡೋಣ. ಹೊರಗೆ ಸ್ಟೀಲ್ ಡಬ್ಬ. ಒಳಗೆ ಜೇನುಗೂಡಿನಂಥ ಪಿಂಗಾಣಿ ಇಟ್ಟಿಗೆ, ಅದರಲ್ಲಿ ಸಾವಿರಾರು ಸಣ್ಣ ಕಿಂಡಿ. ಕಿಂಡಿಯ ಗೋಡೆಗೆ ತೆಳ್ಳಗೆ ಒಂದು ಲೇಪ, ಆ ಲೇಪದಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ. ಕೆಲವೇ ಗ್ರಾಂ, ಆದರೆ ಬೆಲೆ ಎಲ್ಲ ಇರುವುದು ಅದರಲ್ಲೇ. ಎಂಜಿನ್‌ನಿಂದ ಬರುವ ಕಾರ್ಬನ್ ಮಾನಾಕ್ಸೈಡ್, ಉರಿಯದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್ ಮೂರೂ ಇಲ್ಲಿ ಹಾದುಹೋಗುವಾಗ ಕಾರ್ಬನ್ ಡೈಆಕ್ಸೈಡ್, ನೀರಾವಿ, ಸಾದಾ ನೈಟ್ರೋಜನ್ ಆಗುತ್ತವೆ. ತಣ್ಣಗಿದ್ದಾಗ ಇದು ಏನೂ ಮಾಡಲ್ಲ. ಸುಮಾರು 250ರಿಂದ 300 ಡಿಗ್ರಿ ಬಿಸಿಯಾದ ಮೇಲೆಯೇ ಕೆಲಸ ಶುರು. ಪೆಟ್ರೋಲ್ ಒಂದು ಭಾಗಕ್ಕೆ ಗಾಳಿ 14.7 ಭಾಗದ ಹತ್ತಿರ ಇದ್ದರೆ ಮಾತ್ರ ಮೂರೂ ಕೆಲಸ ಒಟ್ಟಿಗೆ ನಡೆಯುತ್ತವೆ. ಅದಕ್ಕೇ ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡಲು ಕನ್ವರ್ಟರ್‌ನ ಮುಂದೊಂದು ಆಕ್ಸಿಜನ್ ಸೆನ್ಸರ್, ಹಿಂದೊಂದು.

ನಮ್ಮ ದೇಶದಲ್ಲಿ ಇದು ಬಂದದ್ದು 1995ರ ಏಪ್ರಿಲ್‌ನಲ್ಲಿ, ಮೊದಲು ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ. ಜೊತೆಗೇ ಸೀಸವಿಲ್ಲದ ಪೆಟ್ರೋಲ್ ತರಬೇಕಾಯಿತು, ಯಾಕೆಂದರೆ ಸೀಸ ಆ ಲೇಪವನ್ನು ಮುಚ್ಚಿಹಾಕುತ್ತದೆ. ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಆಗ ಗ್ಯಾರೇಜ್‌ಗಳಲ್ಲಿ ಇದ್ದ ಅಭ್ಯಾಸಗಳು ಇನ್ನೂ ಕೆಲವು ಕಡೆ ಹಾಗೇ ಉಳಿದಿವೆ. ಉದಾಹರಣೆಗೆ, ಗಾಡಿ ಮಿಸ್ಸಿಂಗ್ (ಮಿಸ್‌ಫೈರ್) ಹೊಡೆಯುತ್ತಿದ್ದರೆ, ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿದ್ದರೆ, ಒಂದೊಂದೇ ಪ್ಲಗ್ ವಯರ್ ಕಿತ್ತು ಯಾವ ಸಿಲಿಂಡರ್ ಸತ್ತಿದೆ ಅಂತ ನೋಡುವುದು. ಹಳೆ ಅಂಬಾಸಿಡರ್‌ಗೆ ಅದು ಸರಿ. ಕನ್ವರ್ಟರ್ ಇರುವ ಗಾಡಿಯಲ್ಲಿ ಹಾಗೆ ಮಾಡಿದರೆ ಆ ಸಿಲಿಂಡರ್‌ನ ಪೆಟ್ರೋಲ್ ಹಸಿಯಾಗಿಯೇ ಹೋಗಿ ಬಿಸಿ ಇಟ್ಟಿಗೆಯ ಮೇಲೆ ಉರಿಯುತ್ತದೆ. ಇಂಜೆಕ್ಟರ್ ಕನೆಕ್ಟರ್ ತೆಗೆಯಿರಿ, ಪ್ಲಗ್ ವಯರ್ ಬೇಡ. ಇಂಜೆಕ್ಟರ್ ಕನೆಕ್ಟರ್ ತೆಗೆದರೆ ಆ ಸಿಲಿಂಡರ್‌ಗೆ ಪೆಟ್ರೋಲೇ ಹೋಗಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಂಜಿನ್ ಲೈಟ್ ಸುಮ್ನೆ ಉರಿಯುವುದು ಬೇರೆ, ಮಿಟುಕುವುದು ಬೇರೆ. ಮಿಟುಕುತ್ತಿದ್ದರೆ ಅದರ ಅರ್ಥ: 'ಈಗ ಆಗುತ್ತಿರುವ ಮಿಸ್‌ಫೈರ್‌ನಿಂದ ಕನ್ವರ್ಟರ್ ಸುಡುತ್ತಿದೆ.' ಆಗ ಕಾಲು ತೆಗೆಯಿರಿ, ಸಾಧ್ಯವಾದರೆ ಪಕ್ಕಕ್ಕೆ ನಿಲ್ಲಿಸಿ. ನಮ್ಮಲ್ಲಿಗೆ ಬಂದಿದ್ದ ಒಂದು ಹ್ಯಾಚ್‌ಬ್ಯಾಕ್‌ನಲ್ಲಿ ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಒಂದೇ ಒಂದು ಹೋಗಿತ್ತು. ಮಾಲೀಕರು ಮೂರು ಸಿಲಿಂಡರ್‌ನಲ್ಲೇ ಓಡಿಸಿಕೊಂಡಿದ್ದರು, 'ಸ್ವಲ್ಪ ನಡುಗುತ್ತೆ, ಅಷ್ಟೇ' ಅಂತ. ಮುಂದಿನ ಸೆನ್ಸರ್ ಬಿಚ್ಚಿ ಆ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿದೆವು. ಇಟ್ಟಿಗೆಯ ಒಂದು ಅರ್ಧದಲ್ಲಿ ಕಿಂಡಿಗಳು ಸಾಲಾಗಿ, ಚೊಕ್ಕಟವಾಗಿ ಕಾಣುತ್ತಿದ್ದವು. ಇನ್ನೊಂದು ಅರ್ಧ ಕರಗಿ, ಗಾಜಿನ ಹಾಗೆ ಹೊಳೆಯುತ್ತಾ ಕುಸಿದು ಕೂತಿತ್ತು. ಪಿಂಗಾಣಿ ಕರಗಬೇಕಾದರೆ ಸಾವಿರ ಡಿಗ್ರಿಗಿಂತ ಎಷ್ಟೋ ಜಾಸ್ತಿ ಬಿಸಿ ಬೇಕು. ಕಾಯಿಲ್‌ಗೆ ಆಗುವ ಖರ್ಚಿನಲ್ಲಿ ಮುಗಿಯಬೇಕಾದ ಕೆಲಸ ಅದು.

ಮಿಸ್‌ಫೈರ್ ಮೊದಲ ಕೊಲೆಗಾರ. ಎರಡನೆಯದು ಆಯಿಲ್. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದು ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ, ಆಯಿಲ್‌ನ ರಂಜಕ ಮತ್ತು ಸತು ಹೋಗಿ ಲೇಪದ ಮೇಲೆ ಕೂರುತ್ತವೆ. ಮೂರನೆಯದು ಕೂಲೆಂಟ್. ಹೆಡ್ ಗ್ಯಾಸ್ಕೆಟ್‌ನಿಂದ ಒಳಗೆ ಸೋರಿದರೆ ಅದೂ ಹೀಗೇ ವಿಷ. ಆಮೇಲೆ ಸೋರುವ ಇಂಜೆಕ್ಟರ್, ಕಲಬೆರಕೆ ಪೆಟ್ರೋಲ್. ಇನ್ನು ಕೆಳಗಿನಿಂದ ಬರುವ ಏಟು. ನಮ್ಮ ಹಂಪ್‌ಗಳ ಬಗ್ಗೆ ನಾನು ಹೇಳಬೇಕಾಗಿಲ್ಲ. ಕೆಳಹೊಟ್ಟೆಯಲ್ಲಿರುವ ಕನ್ವರ್ಟರ್‌ಗೆ ಒಂದು ಜೋರು ಏಟು ಬಿದ್ದರೆ ಒಳಗಿನ ಇಟ್ಟಿಗೆ ಒಡೆದು ಗಲಗಲ ಅನ್ನುತ್ತದೆ.

ಇನ್ನೊಂದು ನಮ್ಮ ಕಡೆಯದೇ ವಿಷಯ. ಸುಗ್ಗಿಯಲ್ಲಿ ಹುರುಳಿ, ರಾಗಿ ತೆನೆಯನ್ನು ರಸ್ತೆ ಮೇಲೆ ಹರವುತ್ತಾರಲ್ಲ, ಅದರ ಮೇಲೆ ಓಡಿಸಿದ ಮೇಲೆ ಮರೆಯದೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಹುರುಳಿ ಬಳ್ಳಿ ಆಕ್ಸಲ್‌ಗೂ ಸೈಲೆನ್ಸರ್ ಪೈಪಿಗೂ ಸುತ್ತಿಕೊಳ್ಳುತ್ತದೆ. ಕನ್ವರ್ಟರ್ ಡಬ್ಬದ ಹೊರಮೈಯೇ ನೂರಾರು ಡಿಗ್ರಿ ಇರುತ್ತದೆ. ಗಾಡಿಗೇ ಬೆಂಕಿ ಹತ್ತಿಕೊಂಡ ಸುದ್ದಿಗಳನ್ನು ನೀವೂ ಓದಿರುತ್ತೀರಿ.

ಈಗ ಪತ್ತೆ ಹಚ್ಚುವ ಕೆಲಸಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ದುಡ್ಡು ಉಳಿಯುವುದು ಇಲ್ಲೇ.

ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುವ ಬ್ಲೂಟೂತ್ ಸ್ಕ್ಯಾನರ್ ಒಂದು ತಗೊಳ್ಳಿ, ಫೋನಿಗೆ ಆಪ್ ಹಾಕಿಕೊಳ್ಳಿ. ಸ್ಟೇರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್‌ಗೆ ಚುಚ್ಚಿ. ಮೊದಲು ಕೋಡ್ ಓದಿ, ಬರೆದಿಟ್ಟುಕೊಳ್ಳಿ. ಪಿ0420 ಜೊತೆ ಪಿ0300ರಿಂದ ಪಿ0304ರವರೆಗಿನ ಯಾವುದಾದರೂ ಇದ್ದರೆ ಅದು ಮಿಸ್‌ಫೈರ್. ಮೊದಲು ಅದನ್ನು ಸರಿ ಮಾಡಿ, ಕನ್ವರ್ಟರ್ ಮಾತು ಆಮೇಲೆ. ಸೆನ್ಸರ್ ಕೋಡ್ ಇದ್ದರೂ ಅಷ್ಟೇ.

ಬೇರೆ ಕೋಡ್ ಇಲ್ಲದಿದ್ದರೆ ಲೈವ್ ಡೇಟಾಗೆ ಹೋಗಿ. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಹದಿನೈದು ನಿಮಿಷ ಓಡಿಸಿಕೊಂಡು ಬನ್ನಿ. 2500 ಆರ್‌ಪಿಎಂ ಹತ್ತಿರ ಹಿಡಿದು ಎರಡೂ ಸೆನ್ಸರ್‌ಗಳ ಗ್ರಾಫ್ ನೋಡಿ. ಹಳೇ ಮಾದರಿಯ ಮುಂದಿನ ಸೆನ್ಸರ್ 0.1 ವೋಲ್ಟ್‌ನಿಂದ 0.9ಕ್ಕೆ ಮೇಲೆ ಕೆಳಗೆ ಕುಣಿಯುತ್ತಿರಬೇಕು. ಹಿಂದಿನದು 0.6, 0.7ರ ಆಸುಪಾಸಿನಲ್ಲಿ ಹೆಚ್ಚು ಅಲುಗಾಡದೆ ನಿಂತಿರಬೇಕು. ಯಾಕೆ? ಲೇಪದಲ್ಲಿ ಸೀರಿಯಂ ಆಕ್ಸೈಡ್ ಇದೆ. ಅದು ಆಕ್ಸಿಜನ್ ಜಾಸ್ತಿಯಾದಾಗ ಹಿಡಿದಿಟ್ಟುಕೊಂಡು ಕಡಿಮೆಯಾದಾಗ ಬಿಡುತ್ತದೆ. ಹಾಗಾಗಿ ಹಿಂದೆ ಬರುವಷ್ಟರಲ್ಲಿ ಏರಿಳಿತ ಮಾಯ. ಇಟ್ಟಿಗೆ ಸುಸ್ತಾದಾಗ ಈ ಹಿಡಿದಿಡುವ ಶಕ್ತಿ ಹೋಗುತ್ತದೆ, ಹಿಂದಿನ ಸೆನ್ಸರ್ ಮುಂದಿನದರ ಹಾಗೇ ಕುಣಿಯುತ್ತದೆ. ಈಚಿನ ಎಷ್ಟೋ ಗಾಡಿಗಳಲ್ಲಿ ಮುಂದಿರುವುದು ಬೇರೆ ಜಾತಿಯ ಸೆನ್ಸರ್, ಅದು ಹೀಗೆ ವೋಲ್ಟೇಜ್ ಕುಣಿತ ತೋರಿಸಲ್ಲ. ಆಗ ಹಿಂದಿನದನ್ನು ಮಾತ್ರ ನೋಡಿ ಸಾಕು.

ಎರಡನೇ ಸಾಧನ ಎಲ್ಲರ ಡ್ಯಾಶ್‌ಬೋರ್ಡ್ ಡ್ರಾಯರ್‌ನಲ್ಲಿ ಆಗಲೇ ಇದೆ, ಯಾರೂ ಓದಲ್ಲ. ಎಮಿಷನ್ ಟೆಸ್ಟ್ ಚೀಟಿ! ಬಿಎಸ್4 (ಭಾರತ್ ಸ್ಟೇಜ್ ಹೊಗೆ ಮಾನದಂಡದ ನಾಲ್ಕನೇ ಹಂತ) ಮತ್ತು ಆಮೇಲಿನ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.3, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. 2500ರ ಸುತ್ತ ರೇಸ್ ಮಾಡಿದಾಗ ಮಾನಾಕ್ಸೈಡ್ ಶೇ. 0.2, ಲ್ಯಾಂಬ್ಡಾ 0.97ರಿಂದ 1.03ರ ಒಳಗೆ. ಈ ಲ್ಯಾಂಬ್ಡಾ ಅನ್ನುವುದು ಚಿನ್ನದಂಥ ಸಂಖ್ಯೆ, ಗಾಳಿ ಮತ್ತು ಪೆಟ್ರೋಲ್ ಪ್ರಮಾಣ ಸರಿಯಾಗಿದ್ದರೆ ಅದು 1. ಲ್ಯಾಂಬ್ಡಾ 1ರ ಹತ್ತಿರವೇ ಇದ್ದು, ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಎರಡೂ ಜಾಸ್ತಿ ಇದ್ದರೆ ಎಂಜಿನ್ ತನ್ನ ಪಾಲಿನ ಕೆಲಸ ಮಾಡುತ್ತಿದೆ, ಕನ್ವರ್ಟರ್ ಮಾಡುತ್ತಿಲ್ಲ ಅಂತ ಅನುಮಾನ ಪಡಬಹುದು. ಲ್ಯಾಂಬ್ಡಾ 0.97ಕ್ಕಿಂತ ಕೆಳಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಇಂಜೆಕ್ಟರ್, ಸೆನ್ಸರ್ ಕಡೆ ನೋಡಿ. 1.03 ದಾಟಿದರೆ ಎಲ್ಲೋ ಗಾಳಿ ಸೇರುತ್ತಿದೆ. ಹಾಂ, ಟೆಸ್ಟ್ ನಿಜವಾಗಿ ಮಾಡಿರಬೇಕು. ನಂಬರ್ ಪ್ಲೇಟ್ ಫೋಟೊ ಹೊಡೆದು ಚೀಟಿ ಕೈಗಿಟ್ಟರೆ ಅದರ ಸಂಖ್ಯೆಗಳನ್ನು ನಂಬಿ ಕೂರಬೇಡಿ. ಬಿಸಿ ಎಂಜಿನ್‌ನಲ್ಲಿ, ಪೈಪಿನೊಳಗೆ ಪ್ರೋಬ್ ಇಳಿಸಿ, ರೇಸ್ ಮಾಡಿಯೇ ಮಾಡಲು ಹೇಳಿ. ಟೆಸ್ಟ್‌ಗೆ ಕೊಡುವ ಅಲ್ಪ ದುಡ್ಡಿಗೆ ಇದಕ್ಕಿಂತ ಒಳ್ಳೆಯ ತಪಾಸಣೆ ಇಲ್ಲ.

ಒಂದು ಸೆಡಾನ್ ಕತೆ ಹೇಳುತ್ತೇನೆ. ಪಿ0420. ಒಂದು ಸರ್ವಿಸ್ ಸೆಂಟರ್‌ನಲ್ಲಿ ಕನ್ವರ್ಟರ್ ಬದಲಿಸಲೇಬೇಕು ಅಂದಿದ್ದರು. ಎಮಿಷನ್ ಚೀಟಿಯಲ್ಲಿ ಮಾನಾಕ್ಸೈಡ್ ಕಡಿಮೆಯೇ ಇತ್ತು, ಲ್ಯಾಂಬ್ಡಾ ಮಾತ್ರ 1.06. ಎಂಜಿನ್ ತಣ್ಣಗಾದ ಮೇಲೆ ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಬದಿಯನ್ನು ಸೈಲೆನ್ಸರ್ ತುದಿಗೆ ಬಟ್ಟೆ ಸುತ್ತಿ ಹಿಡಿದೆವು. ಕೆಳಗೆ ಮಲಗಿ ಪೈಪಿನ ಉದ್ದಕ್ಕೂ ಸೋಪಿನ ನೀರು ಚಿಮುಕಿಸಿದೆವು. ಹಿಂದಿನ ಸೆನ್ಸರ್‌ಗಿಂತ ಸ್ವಲ್ಪ ಮುಂದೆ, ಎರಡು ಪೈಪು ಸೇರುವ ಕಡೆಯ ಫ್ಲೇಂಜ್ ಗ್ಯಾಸ್ಕೆಟ್ ಹತ್ತಿರ ಗುಳ್ಳೆಗಳು ಎದ್ದವು. ಅಲ್ಲಿಂದ ಹೊಗೆ ಹೊರಗೆ ಹೋಗುವುದಷ್ಟೇ ಅಲ್ಲ, ಪ್ರತಿ ಬಡಿತದ ನಡುವೆ ಗಾಳಿ ಒಳಗೂ ಎಳೆಯುತ್ತದೆ. ಸೆನ್ಸರ್ ಆ ಗಾಳಿಯನ್ನು ನೋಡಿ ಮೋಸ ಹೋಗಿತ್ತು. ಗ್ಯಾಸ್ಕೆಟ್ ಮತ್ತು ಎರಡು ಬೋಲ್ಟ್ ಹಾಕಿದ್ದಕ್ಕೆ ಲೈಟ್ ಹೋಯಿತು, ಮತ್ತೆ ಬರಲಿಲ್ಲ.

ಕಟ್ಟಿಕೊಂಡ ಕನ್ವರ್ಟರ್‌ನ ಲಕ್ಷಣ ಬೇರೆ. ಪಿಕಪ್ ಇಲ್ಲ, ಘಾಟಿ ಹತ್ತಲ್ಲ, ಬಿಸಿಯಾದಷ್ಟೂ ಹದಗೆಡುತ್ತದೆ, ಕೆಲವೊಮ್ಮೆ ಕೋಡೇ ಬರಲ್ಲ. ಇದಕ್ಕೆ ಮುಂದಿನ ಸೆನ್ಸರ್ ತೂತಿಗೆ ಪ್ರೆಷರ್ ಗೇಜ್ ಹಾಕಿ ನೋಡಬೇಕು. ಐಡ್ಲಿಂಗ್‌ನಲ್ಲಿ ಒಂದೂವರೆ ಪಿಎಸ್‌ಐ ಒಳಗೆ, 2500ರಲ್ಲಿ ಮೂರರ ಒಳಗೆ ಇದ್ದರೆ ದಾರಿ ಖಾಲಿ ಇದೆ ಅಂತ ಲೆಕ್ಕ. ಅದಕ್ಕಿಂತ ಜಾಸ್ತಿ ಏರುತ್ತಾ ಹೋದರೆ ಅಡಚಣೆ ಇದೆ. ಗೇಜ್ ಇಲ್ಲದಿದ್ದರೆ ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ಡಬ್ಬವನ್ನು ಮೆಲ್ಲಗೆ ತಟ್ಟಿ. ಗಲಗಲ ಸದ್ದು ಬಂದರೆ ಇಟ್ಟಿಗೆ ಒಡೆದಿದೆ. ಕೊಳೆತ ಮೊಟ್ಟೆ ವಾಸನೆ ಅಂತ ಎಲ್ಲರೂ ಹೇಳುತ್ತಾರೆ. ಅದು ಪೆಟ್ರೋಲ್‌ನ ಗಂಧಕದ್ದು, ಸಾಮಾನ್ಯವಾಗಿ ಪೆಟ್ರೋಲ್ ಜಾಸ್ತಿ ಹೋಗುತ್ತಿರುವುದರ ಸೂಚನೆ. ವಾಸನೆ ನೋಡಿ ಪಾರ್ಟ್ ಆರ್ಡರ್ ಮಾಡಬೇಡಿ. ಟೆಂಪರೇಚರ್ ಗನ್ ಹಿಡಿದು ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಅಳೆಯುವವರೂ ಇದ್ದಾರೆ. ಹಿಂದೆ ಸ್ವಲ್ಪ ಜಾಸ್ತಿ ಬಿಸಿ ಇರಬೇಕು ಅನ್ನುವುದು ಲೆಕ್ಕ. ಆದರೆ ಎಂಜಿನ್ ಚೊಕ್ಕಟವಾಗಿ ಉರಿಯುತ್ತಿದ್ದರೆ ವ್ಯತ್ಯಾಸವೇ ಕಾಣಲ್ಲ. ನನಗೆ ಆ ಪರೀಕ್ಷೆ ಮೇಲೆ ಅಷ್ಟು ನಂಬಿಕೆ ಇಲ್ಲ.

ಸರಿ, ಎಲ್ಲ ನೋಡಿದಿರಿ, ನಿಜವಾಗಿಯೂ ಹೋಗಿದೆ. ಕೊಂದದ್ದು ಯಾವುದು ಅಂತ ಗೊತ್ತಾಗಿ ಅದನ್ನೂ ಸರಿ ಮಾಡಿಸಿದಿರಿ. ಈಗ ಕಡಿಮೆ ಖರ್ಚಿನಲ್ಲಿ ಹೊಸದು ಹೇಗೆ?

ಮೊದಲು ವಾರಂಟಿ ಪುಸ್ತಕ ತೆಗೆಯಿರಿ. ಎಕ್ಸ್‌ಟೆಂಡೆಡ್ ವಾರಂಟಿ ತಗೊಂಡು ಮರೆತವರು ತುಂಬಾ ಜನ. ಆಮೇಲೆ ಯಾವುದು ಹೋಗಿದೆ ಅಂತ ಖಚಿತ ಮಾಡಿಕೊಳ್ಳಿ. ಎಷ್ಟೋ ಕಾರುಗಳಲ್ಲಿ ಎರಡು ಇರುತ್ತವೆ. ಒಂದು ಎಂಜಿನ್‌ಗೆ ಅಂಟಿಕೊಂಡು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಜೊತೆಗೇ. ಇನ್ನೊಂದು ಕೆಳಹೊಟ್ಟೆಯಲ್ಲಿ. ಸಾಮಾನ್ಯವಾಗಿ ಕೋಡ್ ಬರುವುದು ಮೊದಲಿನದಕ್ಕೆ. ಎರಡನ್ನೂ ಸೇರಿಸಿ ಎಸ್ಟಿಮೇಟ್ ಕೊಟ್ಟಿದ್ದರೆ ಯಾಕೆ ಅಂತ ಕೇಳಿ. ಆದರೆ ಮೊದಲಿನದು ಒಡೆದು ಚೂರಾಗಿದ್ದರೆ ಆ ಚೂರು ಹಿಂದಿನದರ ಮುಖಕ್ಕೆ ಹೋಗಿ ಕೂತಿರಬಹುದು, ಅದನ್ನೂ ಬಿಚ್ಚಿ ನೋಡಬೇಕು.

ಪಾರ್ಟ್ ನಂಬರ್ ಬರೆದುಕೊಂಡು ಕಂಪನಿಯ ಅಧಿಕೃತ ಸ್ಪೇರ್ ಪಾರ್ಟ್ಸ್ ಡೀಲರ್ ಹತ್ತಿರ ವಿಚಾರಿಸಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ. ಪಾರ್ಟ್ ನೀವೇ ತಂದು, ಪರಿಚಯದ ಒಳ್ಳೆ ಗ್ಯಾರೇಜ್‌ನಲ್ಲಿ ಹಾಕಿಸಿದರೆ ಲೇಬರ್‌ನಲ್ಲಿ ಸಾಕಷ್ಟು ಉಳಿಯುತ್ತದೆ. ನಾನು ಮೊದಲು ಸೂಚಿಸುವುದು ಇದನ್ನೇ.

ಎರಡನೆಯದು ಬೇರೆ ಕಂಪನಿಯವರು ಮಾಡಿದ್ದು. ಇಲ್ಲಿ ಎಚ್ಚರ ಬೇಕು. ಬೆಲೆ ತೀರಾ ಕಡಿಮೆ ಇದ್ದರೆ ಒಳಗಿನ ಲೋಹವೂ ಅಷ್ಟೇ ಕಡಿಮೆ, ಬೇರೆ ಗುಟ್ಟೇನೂ ಇಲ್ಲ. 2021ರಲ್ಲಿ ರೋಡಿಯಂ ಔನ್ಸಿಗೆ 30 ಸಾವಿರ ಡಾಲರ್ ಹತ್ತಿರ ಹೋಗಿತ್ತು. ಆಗ ಚಿನ್ನ ಎರಡು ಸಾವಿರದ ಒಳಗಿತ್ತು. ಇಂಥ ಲೋಹವನ್ನು ಯಾರೂ ಸುಮ್ನೆ ಕೊಡಲ್ಲ. ಅಗ್ಗದ್ದು ಕೆಲವು ತಿಂಗಳು ನಡೆದು ಅದೇ ಕೋಡ್ ಮತ್ತೆ ತರುತ್ತದೆ. ನಿಮ್ಮ ಗಾಡಿಯ ಬಿಎಸ್ ಮಟ್ಟಕ್ಕೆ ಮಾಡಿದ್ದಾ, ಎಷ್ಟು ದಿನದ ಗ್ಯಾರಂಟಿ ಅನ್ನುವುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ನೀವು ಮುಂದಿನ ಅಂಗಡಿಗೆ ಹೋಗಿ. ಕತ್ತರಿಸಿ ವೆಲ್ಡ್ ಮಾಡುವ ಯೂನಿವರ್ಸಲ್ ಡಬ್ಬ ಆದರೆ ಎಂಜಿನ್‌ನಿಂದ ಮೊದಲಿದ್ದಷ್ಟೇ ದೂರದಲ್ಲಿ ಕೂರಬೇಕು. ಹಿಂದಕ್ಕೆ ಸರಿಸಿದರೆ ಬಿಸಿ ಸಾಲದೆ ತಡವಾಗಿ ಕೆಲಸ ಶುರು ಮಾಡುತ್ತದೆ.

ಮೂರನೆಯದು ಗುಜರಿ. ಆಕ್ಸಿಡೆಂಟ್ ಆದ, ಕಡಿಮೆ ಓಡಿದ ಅದೇ ಮಾದರಿಯ ಗಾಡಿಯದು ಸಿಕ್ಕರೆ ಒಳ್ಳೆಯ ವ್ಯಾಪಾರವೇ. ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ, ಕಿಂಡಿಗಳು ತೆರೆದಿರಬೇಕು, ಅಲುಗಾಡಿಸಿದರೆ ಸದ್ದು ಬರಬಾರದು. ಬಿಲ್ ಇಲ್ಲದೆ ಮಾತ್ರ ತಗೊಳ್ಳಬೇಡಿ. ಮಹಾರಾಷ್ಟ್ರ, ಗುಜರಾತ್ ಕಡೆ ಮಾರುತಿ ಈಕೋ ವ್ಯಾನ್‌ಗಳ ಸೈಲೆನ್ಸರ್ ಕಳ್ಳತನ ಎಷ್ಟು ನಡೆಯಿತು ಅಂತ ಪತ್ರಿಕೆಗಳಲ್ಲಿ ಬಂದಿದೆಯಲ್ಲ. ಕಳ್ಳರಿಗೆ ಸೈಲೆನ್ಸರ್ ಬೇಕಿರಲಿಲ್ಲ, ಅದರೊಳಗಿನ ಪುಡಿ ಬೇಕಿತ್ತು.

ಅದೇ ಕಾರಣಕ್ಕೆ ನಿಮ್ಮ ಹಳೆಯದನ್ನು ಗ್ಯಾರೇಜ್‌ನಲ್ಲಿ ಬಿಟ್ಟು ಬರಬೇಡಿ. ಸತ್ತ ಕನ್ವರ್ಟರ್‌ನಲ್ಲೂ ಲೋಹ ಇದೆ, ಅದಕ್ಕೆ ಬೆಲೆ ಇದೆ. ಎಷ್ಟೋ ಗ್ಯಾರೇಜ್‌ನವರು 'ಹಳೇದು ನಾವೇ ಬಿಸಾಕ್ತೀವಿ ಬಿಡಿ ಸರ್' ಅಂತ ತುಂಬಾ ಉಪಕಾರ ಮಾಡುವವರ ಹಾಗೆ ಹೇಳುತ್ತಾರೆ. ಬೇಡ ಅನ್ನಿ. ಎರಡು ಮೂರು ಕಡೆ ರೇಟ್ ಕೇಳಿ ಮಾರಿ, ಹೊಸದರ ಖರ್ಚಿನಲ್ಲಿ ಒಂದು ಪಾಲು ವಾಪಸ್ ಬರುತ್ತದೆ.

ನಾಲ್ಕನೇ ದಾರಿಯನ್ನೂ ಕೆಲವರು ಹೇಳುತ್ತಾರೆ. ಒಳಗಿನ ಇಟ್ಟಿಗೆ ಕುಟ್ಟಿ ಖಾಲಿ ಮಾಡಿ, ಹಿಂದಿನ ಸೆನ್ಸರ್‌ಗೆ ಒಂದು ಸ್ಪೇಸರ್ ಹಾಕಿ ಇಸಿಯುಗೆ, ಅಂದರೆ ಎಂಜಿನ್ ಕಂಪ್ಯೂಟರ್‌ಗೆ, ಟೋಪಿ ಹಾಕುವುದು. ಮಾಲಿನ್ಯದ ಮಿತಿ ಮೀರಿದ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಇದೆ. ಅದನ್ನು ಬಿಡಿ, ನಿಮ್ಮ ಹಿಂದೆ ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೆ ಮಗು ಕೂರಿಸಿಕೊಂಡವರು ನಿಂತಿರುತ್ತಾರೆ. ನಮ್ಮ ಗ್ಯಾರೇಜ್‌ನಲ್ಲಿ ಈ ಕೆಲಸ ಮಾಡಲ್ಲ.

ಹಾಕುವಾಗ ಒಂದೆರಡು ಮಾತು, ಹುಡುಗರಿಗೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಮಾಡಿ ರಾತ್ರಿ ಬಿಡಿ. ಅವಸರಕ್ಕೆ ಸ್ಟಡ್ ಮುರಿದರೆ ಅರ್ಧ ದಿನ ಡ್ರಿಲ್ಲಿಂಗ್‌ಗೇ ಹೋಗುತ್ತದೆ. ಗ್ಯಾಸ್ಕೆಟ್ ಹೊಸದೇ ಹಾಕಿ, ನಟ್‌ಗಳೂ ಹೊಸವು. ಸೆನ್ಸರ್‌ಗೆ ವಯರ್ ಹೋಗಲು ಸೀಳು ಇರುವ 22 ಎಂಎಂ ಸಾಕೆಟ್ ಬರುತ್ತದೆ, ಅದನ್ನೇ ಬಳಸಿ. ಸಾಮಾನ್ಯ ಸಿಲಿಕೋನ್ ಪೇಸ್ಟ್ ಹಚ್ಚಬೇಡಿ, ಅದರ ಆವಿ ಸೆನ್ಸರ್ ಕೊಲ್ಲುತ್ತದೆ. ಕೆಲಸ ಮುಗಿದ ಮೇಲೆ ಕೋಡ್ ಅಳಿಸಿ, ಊರಲ್ಲೂ ಹೈವೇಯಲ್ಲೂ ಓಡಿಸಿ, ಸ್ಕ್ಯಾನರ್‌ನಲ್ಲಿ ಕ್ಯಾಟಲಿಸ್ಟ್ ಮಾನಿಟರ್ (ಕನ್ವರ್ಟರ್ ಅನ್ನು ಗಾಡಿ ತಾನೇ ಮಾಡುವ ಪರೀಕ್ಷೆ) 'ರೆಡಿ' ಅನ್ನುವವರೆಗೆ ಕಾದು ನೋಡಿ. ಅಲ್ಲಿವರೆಗೆ ಲೈಟ್ ಹತ್ತಿಲ್ಲ ಅನ್ನುವುದಕ್ಕೆ ಅರ್ಥವಿಲ್ಲ.

ಇನ್ನು ಪ್ರಶ್ನೆಗಳು.

'ಸರ್, ಪೆಟ್ರೋಲ್ ಟ್ಯಾಂಕಿಗೆ ಹಾಕುವ ಕ್ಲೀನರ್ ಬಾಟಲಿ ಬರುತ್ತಲ್ಲ, ಅದರಿಂದ ಸರಿಹೋಗುತ್ತಾ?' ಮಸಿ ಕೂತಿದ್ದರೆ ಸ್ವಲ್ಪ ಉಪಯೋಗ ಆಗಬಹುದು. ಅದಕ್ಕಿಂತ ಹೈವೇಯಲ್ಲಿ ಅರ್ಧ ಗಂಟೆ ಚೆನ್ನಾಗಿ ಓಡಿಸುವುದು ಮೇಲು, ಖರ್ಚೂ ಇಲ್ಲ. ಕರಗಿದ್ದಕ್ಕೆ, ಒಡೆದದ್ದಕ್ಕೆ, ಆಯಿಲ್ ವಿಷ ಹತ್ತಿದ್ದಕ್ಕೆ ಯಾವ ಬಾಟಲಿಯೂ ಇಲ್ಲ.

'ಇ20 ಪೆಟ್ರೋಲ್‌ನಿಂದ ಕನ್ವರ್ಟರ್ ಹಾಳಾಗುತ್ತಾ?' ಇ20 ಅಂದರೆ ಶೇ. 20 ಎಥನಾಲ್ ಬೆರೆಸಿದ್ದು, ಎಥನಾಲ್ ಆ ಲೇಪಕ್ಕೆ ವಿಷ ಅಲ್ಲ. ಹಳೆ ಗಾಡಿಗಳಲ್ಲಿ ರಬ್ಬರ್ ಪೈಪು, ಸೀಲುಗಳ ಬಗ್ಗೆ ಯೋಚನೆ ಮಾಡುವುದು ಸರಿ. ಅವು ಹೋಗಿ ಮಿಸ್‌ಫೈರ್ ಶುರುವಾದರೆ ಆಗ ಕನ್ವರ್ಟರ್‌ಗೂ ಕುತ್ತು.

'ಡೀಸೆಲ್ ಗಾಡಿಗೂ ಇದೇನಾ?' ಅಲ್ಲ. ಅಲ್ಲಿ ಆಕ್ಸಿಡೇಷನ್ ಕ್ಯಾಟಲಿಸ್ಟ್ ಇದೆ, ಈಚಿನ ಗಾಡಿಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದೆ. ಅದರ ಕಷ್ಟಗಳೇ ಬೇರೆ, ಅದಕ್ಕೆ ಇನ್ನೊಂದು ಸಂಜೆ ಬೇಕು.

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೇಳಿದರು: 'ನನ್ನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅವನ ಕಾರಿಗೂ ಇದೇ ಕೋಡ್ ಬಂದಿದೆಯಂತೆ. ಇಲ್ಲಿಂದ ಒಂದು ಕಳಿಸಿಬಿಡಲಾ?' ಬೇಡ ಯಜಮಾನ್ರೇ. ಅಲ್ಲಿ ಆ ರಾಜ್ಯದ ವಾಯು ಮಂಡಳಿ ಒಪ್ಪಿದ ಕನ್ವರ್ಟರ್ ಅಷ್ಟೇ ಹಾಕಬಹುದು, ಡಬ್ಬದ ಮೇಲೆ ಅದರ ಆದೇಶದ ಸಂಖ್ಯೆ ಒತ್ತಿರಬೇಕು. ಇಲ್ಲದಿದ್ದರೆ ಸ್ಮಾಗ್ ಟೆಸ್ಟ್ ಅನ್ನುವ ಅಲ್ಲಿನ ಎಮಿಷನ್ ಟೆಸ್ಟ್‌ನಲ್ಲಿ ಪಾಸ್ ಮಾಡಲ್ಲ. ಆದರೆ ಅವನಿಗೆ ಒಂದು ಅನುಕೂಲ ಇದೆ. ಅಮೆರಿಕದ ಕಾನೂನಿನಲ್ಲಿ ಕನ್ವರ್ಟರ್‌ಗೆ 8 ವರ್ಷ ಅಥವಾ 80,000 ಮೈಲಿ, ಯಾವುದು ಮೊದಲೋ ಅಲ್ಲಿಯವರೆಗೆ, ತಯಾರಕರೇ ವಾರಂಟಿ ಕೊಡಬೇಕು. ಕೆಲವು ತೀರಾ ಕಡಿಮೆ ಹೊಗೆಯ ಮಾದರಿಗಳಿಗೆ ಆ ರಾಜ್ಯದಲ್ಲಿ 15 ವರ್ಷ, 1,50,000 ಮೈಲಿ. ಗಾಡಿ ಯಾವ ವರ್ಷದ್ದು, ಎಷ್ಟು ಓಡಿದೆ ಅಂತ ಮೊದಲು ನೋಡಿ, ಡೀಲರ್‌ಗೆ ಫೋನ್ ಮಾಡಲು ಹೇಳಿ.